ಹೊಡೆಯಲು ಬಂದವರ ಮುಂದೆ ಕ್ರೈಸ್ತರು ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸಭೆಯ (ಚರ್ಚಿನ) ಯುವಜನರ ಜೊತೆ ಸತ್ಯವೇದ, ಅಂದರೆ ಬೈಬಲ್, ಓದುತ್ತಾ ಯೇಸು ಸ್ವಾಮಿ ಬೆಟ್ಟದ ಮೇಲೆ ಕೊಟ್ಟ ಬೋಧನೆಯಾದ ಪರ್ವತ ಪ್ರಸಂಗಕ್ಕೆ ಬಂದರೆ ಪ್ರತಿ ಸಲವೂ ಒಂದೇ ಕಡೆ ಗಾಡಿ ನಿಲ್ಲುತ್ತದೆ. "ಅಣ್ಣಾ, ಮತ್ತೊಂದು ಕೆನ್ನೆ ತೋರಿಸು ಅಂದರೆ ನಿಜವಾಗಲೂ ಹೊಡೆಸಿಕೊಂಡು ಸುಮ್ನೆ ಇರಬೇಕಾ?" ಹಾಗೆ ಶುರುವಾದ ಪ್ರಶ್ನೆಗಳನ್ನೂ, ಆಮೇಲೆ ಕೆಲವರು ಒಬ್ಬೊಬ್ಬರಾಗಿ ಬಂದು ಕೇಳಿದ್ದನ್ನೂ ಇಲ್ಲಿ ಸೇರಿಸಿ ಬರೆದಿದ್ದೇನೆ. ನಾನು ಪಾಸ್ಟರ್ ಅಲ್ಲ, ವಕೀಲನೂ ಅಲ್ಲ. ಸಭೆಗಳು ಏನು ಹೇಳುತ್ತವೆ ಅನ್ನುವುದನ್ನು ಹೇಳುತ್ತೇನೆ. ನನ್ನ ಅಭಿಪ್ರಾಯ ಬಂದಲ್ಲಿ ಅದು ನನ್ನದೇ ಎಂದು ಹೇಳಿರುತ್ತೇನೆ.

ಆತ್ಮರಕ್ಷಣೆ ಬಗ್ಗೆ ಎಲ್ಲಾ ಕ್ರೈಸ್ತರದ್ದೂ ಒಂದೇ ನಿಲುವಾ?

ಅಲ್ಲ. ಕಥೋಲಿಕ, ಆರ್ಥೊಡಾಕ್ಸ್, ಲೂಥರನ್, ರಿಫಾರ್ಮ್ಡ್, ಆಂಗ್ಲಿಕನ್ ಸಭೆಗಳು, ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕೂಡ ಸೇರಿ, ಜೀವ ಉಳಿಸಿಕೊಳ್ಳಲು ಬೇಕಾದಷ್ಟು ಬಲ ಬಳಸುವುದನ್ನು ಪಾಪ ಎನ್ನುವುದಿಲ್ಲ. ಮೆನ್ನೊನೈಟ್, ಆಮಿಶ್, ಕ್ವೇಕರ್ ಸಭೆಗಳು ಬೇರೆ ದಾರಿ ಹಿಡಿದವು. ಇವುಗಳಿಗೆ "ಶಾಂತಿ ಸಭೆಗಳು" ಎಂದೇ ಹೆಸರು. ಕ್ರಿಸ್ತನನ್ನು ಹಿಂಬಾಲಿಸುವವರು ಯಾರ ಮೇಲೂ ಕತ್ತಿ ಎತ್ತಬಾರದು ಅನ್ನುವುದು ಅವರ ನಂಬಿಕೆ. ಇವರು ಎಲ್ಲೋ ದೂರದವರಲ್ಲ. ನಮ್ಮ ರಾಯಚೂರು ಗಡಿ ದಾಟಿದರೆ ಸಿಗುವ ಮೆಹಬೂಬ್‌ನಗರ ಸೀಮೆಯಲ್ಲೇ ಮೆನ್ನೊನೈಟ್ ಬ್ರದರನ್ ಸಭೆಗಳಿವೆ.

ಎರಡೂ ಕಡೆಯವರು ಓದುವುದು ಒಂದೇ ಸತ್ಯವೇದ. ಎರಡೂ ಕಡೆ ಪ್ರಾಣ ಕೊಟ್ಟವರಿದ್ದಾರೆ. ಅದಕ್ಕೇ ಒಬ್ಬರನ್ನು ಹೇಡಿ, ಇನ್ನೊಬ್ಬರನ್ನು ಭಕ್ತಿ ಇಲ್ಲದವರು ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

"ಬಲಗೆನ್ನೆಗೆ ಹೊಡೆದರೆ ಮತ್ತೊಂದನ್ನೂ ತೋರಿಸು" ಅಂದರೆ ಏನು?

ಮತ್ತಾಯ 5ನೇ ಅಧ್ಯಾಯ, 39ನೇ ವಚನ. ಅಲ್ಲಿರುವ ಒಂದು ಪದವನ್ನು ನಾವು ಓದಿಯೂ ಓದದ ಹಾಗೆ ದಾಟಿಬಿಡುತ್ತೇವೆ. ಅದು "ಬಲಗೆನ್ನೆ". ಎದುರಿಗೆ ನಿಂತವರು ಬಲಗೈಯಿಂದ ಹೊಡೆದರೆ ಏಟು ನಿಮ್ಮ ಎಡಗೆನ್ನೆಗೆ ಬೀಳುತ್ತದೆ. ಬಲಗೆನ್ನೆಗೆ ಬೀಳಬೇಕಾದರೆ ಕೈಯನ್ನು ತಿರುಗಿಸಿ ಹಿಂಬದಿಯಿಂದ ಹೊಡೆಯಬೇಕು. ಒಮ್ಮೆ ಕೈ ಆಡಿಸಿ ನೋಡಿ, ತಿಳಿಯುತ್ತದೆ. ಯೆಹೂದ್ಯರಲ್ಲಿ ಅಂಥ ಏಟು ನೋವಿಗಿಂತ ಜಾಸ್ತಿ ಅವಮಾನ. ಅವರ ಹಳೆಯ ಕಟ್ಟಳೆಗಳ ಸಂಗ್ರಹವಾದ ಮಿಶ್ನಾದಲ್ಲಿ ಕೆನ್ನೆಗೆ ಹೊಡೆದವರು 200 ಜೂಜ್ (ಆಗಿನ ಬೆಳ್ಳಿ ನಾಣ್ಯ) ಕೊಡಬೇಕು, ಕೈ ಹಿಂಬದಿಯಿಂದ ಹೊಡೆದವರು 400 ಜೂಜ್ ಕೊಡಬೇಕು ಎಂದಿದೆ. ಏಟು ಹಗುರವಾದರೂ ದಂಡ ಎರಡು ಪಟ್ಟು. ಯಾಕೆಂದರೆ ಮಾನ ಹೋಗಿರುತ್ತದೆ.

ಅಂದರೆ ಯೇಸು ಸ್ವಾಮಿ ಇಲ್ಲಿ ಮಾತಾಡುತ್ತಿರುವುದು ಮಚ್ಚು ಹಿಡಿದು ಬಂದವನ ವಿಷಯವಲ್ಲ, ಅವಮಾನಕ್ಕೆ ಅವಮಾನ ತೀರಿಸುವ ಚಟದ ವಿಷಯ ಎಂದು ಬಹಳ ಜನ ಬೋಧಕರು ಹೇಳುತ್ತಾರೆ. ಅಮೆರಿಕದ ಸತ್ಯವೇದ ಪಂಡಿತ ವಾಲ್ಟರ್ ವಿಂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎಡಗೆನ್ನೆ ತಿರುಗಿಸಿದರೆ ಹೊಡೆಯುವವನು ಇನ್ನು ಕೈ ಹಿಂಬದಿಯಿಂದ ಹೊಡೆಯಲಾರ, ಸಮಾನನಿಗೆ ಹೊಡೆದ ಹಾಗೆ ಹೊಡೆಯಬೇಕಾಗುತ್ತದೆ. ಹಾಗಾಗಿ ಅದು ತಲೆ ಎತ್ತಿ ನಿಲ್ಲುವ ರೀತಿ ಎಂದರು. ನನಗೆ ಇದು ಇಷ್ಟ. ಆದರೆ ಮೆನ್ನೊನೈಟರ ಎಚ್ಚರಿಕೆಯೂ ಸರಿ ಅನಿಸುತ್ತದೆ. "ಇದು ಬರೀ ಅವಮಾನದ ಮಾತು" ಎಂದು ಕುಗ್ಗಿಸಿಬಿಟ್ಟರೆ ಅದೇ ಅಧ್ಯಾಯದ 44ನೇ ವಚನ, ವೈರಿಗಳನ್ನು ಪ್ರೀತಿಸಿ ಎನ್ನುವ ಮಾತು, ಏನಾಗುತ್ತದೆ? ಆ ಮಾತು ಹೇಳಿದವರೇ ಕೊನೆಗೆ ಶಿಲುಬೆಯ ಮೇಲೆ ಸತ್ತರು. ಅದನ್ನು ಕುಗ್ಗಿಸಲು ಆಗುವುದಿಲ್ಲ.

ಯೇಸು ಸ್ವಾಮಿಗೆ ಯಾರಾದರೂ ಹೊಡೆದಾಗ ಅವರೇನು ಮಾಡಿದರು?

ಇದನ್ನು ಜಾಸ್ತಿ ಜನ ಕೇಳುವುದಿಲ್ಲ, ಕೇಳಬೇಕು. ಯೋಹಾನ 18:22ರಲ್ಲಿ ಮಹಾಯಾಜಕನ ಮುಂದೆ ವಿಚಾರಣೆ ನಡೆಯುವಾಗ ಓಲೇಕಾರನೊಬ್ಬ ಅವರಿಗೆ ಏಟು ಕೊಡುತ್ತಾನೆ. ಅವರು ತಿರುಗಿ ಹೊಡೆಯುವುದಿಲ್ಲ. ಸುಮ್ಮನೆಯೂ ಇರುವುದಿಲ್ಲ. ನಾನು ತಪ್ಪು ಮಾತಾಡಿದ್ದರೆ ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಮುಖಕ್ಕೆ ಮುಖ ಕೊಟ್ಟು ಕೇಳುತ್ತಾರೆ.

ಅದಕ್ಕೂ ಮೊದಲು ಎಷ್ಟೋ ಸಲ ಅವರು ತಪ್ಪಿಸಿಕೊಂಡಿದ್ದಾರೆ. ನಜರೇತಿನಲ್ಲಿ ಜನ ಬೆಟ್ಟದ ಅಂಚಿನಿಂದ ದೊಬ್ಬಲು ಹೋದಾಗ ಅವರ ನಡುವಿನಿಂದಲೇ ನಡೆದುಹೋದರು. ಕಲ್ಲೆತ್ತಿಕೊಂಡಾಗ ದೇವಾಲಯದಿಂದ ಮರೆಯಾದರು. ಒಂದು ಊರಲ್ಲಿ ಹಿಂಸೆ ಕೊಟ್ಟರೆ ಇನ್ನೊಂದು ಊರಿಗೆ ಓಡಿಹೋಗಿ ಎಂದು ಶಿಷ್ಯರಿಗೂ ಹೇಳಿದರು. ಓಡಿ ಜೀವ ಉಳಿಸಿಕೊಳ್ಳುವುದು ನಂಬಿಕೆಯ ಕೊರತೆ ಎಂದು ಯಾರಾದರೂ ಹೇಳಿದರೆ ಈ ವಚನಗಳನ್ನು ತೆಗೆದು ತೋರಿಸಿ.

ಹಾಗಾದರೆ ಅವರೇ "ಬಟ್ಟೆ ಮಾರಿ ಕತ್ತಿ ಕೊಂಡುಕೊಳ್ಳಿ" ಅಂದದ್ದು ಯಾಕೆ?

ಲೂಕ 22:36. ಕೊನೆಯ ಊಟದ ರಾತ್ರಿ. ಶಿಷ್ಯರು ಇಲ್ಲಿ ಎರಡು ಕತ್ತಿ ಇವೆ ಅನ್ನುತ್ತಾರೆ, ಅವರು "ಸಾಕು" ಅನ್ನುತ್ತಾರೆ. ಆತ್ಮರಕ್ಷಣೆಗೆ ಕತ್ತಿ ಇಟ್ಟುಕೊಳ್ಳಬಹುದು ಅನ್ನುವವರಿಗೆ ಇದು ಮೆಚ್ಚಿನ ವಚನ. ಆದರೆ ಮುಂದಿನ ವಚನದಲ್ಲೇ ಹಳೆಯ ಪ್ರವಾದಿಯ ಗ್ರಂಥವಾದ ಯೆಶಾಯ 53ರ ಮಾತು ಬರುತ್ತದೆ: ಅವನು ಅಪರಾಧಿಗಳ ಜೊತೆ ಎಣಿಸಲ್ಪಟ್ಟನು. ಇನ್ನೂ ಕೆಲವೇ ಗಳಿಗೆಯಲ್ಲಿ ಶಿಷ್ಯ ಪೇತ್ರ ಆ ಕತ್ತಿಗಳಲ್ಲಿ ಒಂದನ್ನು ಬೀಸಿ, ಯೇಸುವನ್ನು ಹಿಡಿಯಲು ಬಂದಿದ್ದ ಮಹಾಯಾಜಕನ ಆಳು ಮಲ್ಕನ ಕಿವಿ ಕತ್ತರಿಸುತ್ತಾನೆ. ಯೇಸು ತಡೆಯುತ್ತಾರೆ, ಕಿವಿಯನ್ನು ವಾಸಿ ಮಾಡುತ್ತಾರೆ, ಕತ್ತಿ ಹಿಡಿದವರು ಕತ್ತಿಯಿಂದಲೇ ಸಾಯುತ್ತಾರೆ ಅನ್ನುತ್ತಾರೆ.

ಸೈನಿಕರ ತುಕಡಿಯನ್ನು ಎದುರಿಸಲು ಎರಡು ಕತ್ತಿ ಸಾಲುತ್ತಾ? ಇಲ್ಲ. ಹಾಗಾಗಿ ಇದನ್ನು ಯುದ್ಧದ ಆಜ್ಞೆ ಎಂದು ಓದಲಾಗದು. ದಾರಿಯಲ್ಲಿ ಕಳ್ಳಕಾಕರ ಭಯಕ್ಕೆ ಪ್ರಯಾಣಿಕರು ಇಟ್ಟುಕೊಳ್ಳುವ ಕತ್ತಿ ಎಂದು ಕೆಲವರು, "ಕಷ್ಟದ ಕಾಲ ಬರುತ್ತಿದೆ, ತಯಾರಾಗಿ" ಅನ್ನುವ ರೂಪಕ ಎಂದು ಕೆಲವರು ಹೇಳುತ್ತಾರೆ. ಈ ಒಂದು ವಚನದ ಮೇಲೆ ಯಾವ ಕಡೆಯವರೂ ಮನೆ ಕಟ್ಟಬಾರದು ಅನ್ನುವುದು ನನ್ನ ಅನಿಸಿಕೆ.

ಯೇಸು ಸ್ವಾಮಿ ದೇವಾಲಯದಲ್ಲಿ ವ್ಯಾಪಾರಿಗಳ ಮುಂದೆ ಚಾವಟಿ ಬೀಸಿದರಲ್ಲ?

ಚಾವಟಿಯ ಮಾತು ಬರುವುದು ಯೋಹಾನನ ಸುವಾರ್ತೆಯಲ್ಲಿ ಮಾತ್ರ. ಕುರಿ, ದನಗಳನ್ನು ಹೊರಗೆ ಅಟ್ಟಿದರು, ಮೇಜುಗಳನ್ನು ಕೆಡವಿದರು. ಯಾರಿಗಾದರೂ ಗಾಯವಾಯಿತು ಎಂದು ಎಲ್ಲಿಯೂ ಬರೆದಿಲ್ಲ. ಅದು ಅನ್ಯಾಯದ ವ್ಯಾಪಾರದ ಮೇಲಿನ ಸಿಟ್ಟು. ಆತ್ಮರಕ್ಷಣೆಗೆ ಅದು ಉದಾಹರಣೆ ಆಗುವುದಿಲ್ಲ.

"ನರಹತ್ಯ ಮಾಡಬಾರದು" ಎಂದು ಆಜ್ಞೆ ಇದೆಯಲ್ಲ? ಮನೆಗೆ ನುಗ್ಗಿದ ಕಳ್ಳ ಸತ್ತರೆ?

ಹೀಬ್ರೂ ಭಾಷೆಯಲ್ಲಿ ಕೊಲ್ಲುವುದಕ್ಕೆ ಬೇರೆ ಬೇರೆ ಪದಗಳಿವೆ. ಹತ್ತು ಆಜ್ಞೆಗಳಲ್ಲಿ ಇರುವುದು ಮುಖ್ಯವಾಗಿ ಅನ್ಯಾಯದ ಕೊಲೆಗೆ ಬಳಸುವ ಪದ. ಅದೇ ವಿಮೋಚನಕಾಂಡದಲ್ಲಿ ಎರಡು ಅಧ್ಯಾಯ ಮುಂದೆ ಹೋದರೆ ನಿಮ್ಮ ಪ್ರಶ್ನೆಗೇ ಉತ್ತರವಿದೆ. 22ನೇ ಅಧ್ಯಾಯದ 2, 3ನೇ ವಚನ. ಕನ್ನ ಕೊರೆಯುವಾಗ ಕಳ್ಳ ಸಿಕ್ಕಿ, ಏಟು ತಿಂದು ಸತ್ತರೆ ಹೊಡೆದವನ ಮೇಲೆ ರಕ್ತಾಪರಾಧ (ಕೊಲೆಯ ದೋಷ) ಇಲ್ಲ. ಆದರೆ ಸೂರ್ಯ ಹುಟ್ಟಿದ ಮೇಲೆ ಆಗಿದ್ದರೆ ರಕ್ತಾಪರಾಧ ಇದೆ.

ಎಂಥ ಸೂಕ್ಷ್ಮ ನೋಡಿ. ರಾತ್ರಿ ಕತ್ತಲಲ್ಲಿ ಬಂದವನು ಯಾರು, ಕೈಯಲ್ಲಿ ಏನಿದೆ, ಎಷ್ಟು ಜನ ಇದ್ದಾರೆ ಗೊತ್ತಾಗುವುದಿಲ್ಲ. ಹಗಲಲ್ಲಿ ಮುಖ ಕಾಣುತ್ತದೆ, ಕೂಗಿದರೆ ಅಕ್ಕಪಕ್ಕದವರು ಬರುತ್ತಾರೆ, ಹಿಡಿದು ಕಟ್ಟಿಹಾಕಬಹುದು. ಸಾಮಾನು ಹೋಗುತ್ತದೆ ಎಂದು ಮನುಷ್ಯನ ಜೀವ ತೆಗೆಯುವ ಹಾಗಿಲ್ಲ. ಕಳ್ಳನ ರಕ್ತಕ್ಕೂ ಲೆಕ್ಕ ಕೊಡಬೇಕು ಎಂದು ಅಷ್ಟು ಹಿಂದೆಯೇ ಬರೆದಿದ್ದಾರೆ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ದೇಶದ ಕಾನೂನಿನಲ್ಲೂ ಇದೇ ನೆರಳು ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಖಾಸಗಿ ರಕ್ಷಣೆಯ ಹಕ್ಕಿನ ಬಗ್ಗೆ ಇವೆ. ಸ್ವತ್ತನ್ನು ಕಾಪಾಡುವಾಗ ಯಾವ ಸಂದರ್ಭದಲ್ಲಿ ಪ್ರಾಣ ಹೋದರೂ ಅಪರಾಧವಲ್ಲ ಎಂದು 41ನೇ ಕಲಂ ಪಟ್ಟಿ ಮಾಡುತ್ತದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆ ಒಡೆಯುವುದು ಆ ಪಟ್ಟಿಯಲ್ಲಿದೆ. ಬರೀ ಕಳ್ಳತನವಾದರೆ ಸಾಲದು, ಪ್ರಾಣಕ್ಕೆ ಅಥವಾ ದೊಡ್ಡ ಗಾಯಕ್ಕೆ ದಾರಿಯಾಗುತ್ತದೆ ಅನ್ನುವ ನಿಜವಾದ ಭಯ ಇರಬೇಕು. 37ನೇ ಕಲಂ ಇನ್ನೂ ಮುಖ್ಯ. ಬೇಕಾದದ್ದಕ್ಕಿಂತ ಜಾಸ್ತಿ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಪೊಲೀಸರ ಬಳಿ ಹೋಗಲು ಸಮಯ ಇದ್ದರೆ ಆ ಹಕ್ಕೇ ಇಲ್ಲ. ಕಳ್ಳನನ್ನು ಹಿಡಿದು ಕಂಬಕ್ಕೆ ಕಟ್ಟಿ ಊರೆಲ್ಲ ಸೇರಿ ಹೊಡೆಯುವುದು ಕಾನೂನಿನ ಪ್ರಕಾರವೂ ರಕ್ಷಣೆ ಅಲ್ಲ, ಸತ್ಯವೇದದ ಪ್ರಕಾರವೂ ಅಲ್ಲ.

ಮೊದಲ ಕಾಲದ ಕ್ರೈಸ್ತರು ಏನು ಮಾಡುತ್ತಿದ್ದರು?

ಮೊದಲ 300 ವರ್ಷಗಳ ಬೋಧಕರಲ್ಲಿ, ಬರೆದದ್ದು ನಮಗೆ ಸಿಕ್ಕಿರುವ ಮಟ್ಟಿಗೆ, ಕ್ರೈಸ್ತನೊಬ್ಬ ಮನುಷ್ಯನನ್ನು ಕೊಲ್ಲುವುದನ್ನು ಒಪ್ಪಿದವರು ಕಾಣುವುದಿಲ್ಲ. ಕಾರ್ಥೇಜಿನ ತೆರ್ತುಲಿಯನ್ ಸುಮಾರು 200ನೇ ಇಸವಿಯ ಹೊತ್ತಿಗೆ ಹೇಳಿದ ಮಾತಿನ ಸಾರ ಇದು: ಪೇತ್ರನ ಕೈಯಿಂದ ಕತ್ತಿ ಬಿಡಿಸಿದಾಗ ಕರ್ತನು ಎಲ್ಲಾ ಸಿಪಾಯಿಗಳ ಸೊಂಟಪಟ್ಟಿ ಬಿಚ್ಚಿಸಿದನು, ಅಂದರೆ ಆಯುಧ ಕೆಳಗಿಡಿಸಿದನು. ಆದರೆ ಅದೇ ತೆರ್ತುಲಿಯನ್ ಇನ್ನೊಂದು ಕಡೆ, ನಾವು ಕ್ರೈಸ್ತರು ನಿಮ್ಮ ಸೈನ್ಯದಲ್ಲೂ ಇದ್ದೇವೆ ಎಂದು ರೋಮಿನವರಿಗೆ ಹೇಳುತ್ತಾನೆ. ಅಂದರೆ ಬೋಧನೆ ಒಂದು, ಜನರ ಬದುಕು ಇನ್ನೊಂದು. ಆಗಲೂ ಹಾಗೇ ಇತ್ತು.

295ರಲ್ಲಿ ಈಗಿನ ಅಲ್ಜೀರಿಯಾದ ತೆಬೆಸ್ಸಾದಲ್ಲಿ ಮಾಕ್ಸಿಮಿಲಿಯನ್ ಎಂಬ 21 ವರ್ಷದ ಹುಡುಗನನ್ನು ಸೈನ್ಯಕ್ಕೆ ಸೇರಿಸಲು ಕರೆತಂದರು. ಅವನ ಅಪ್ಪನೂ ಸೈನ್ಯದಲ್ಲಿದ್ದವನು. ನಾನು ಕ್ರೈಸ್ತ, ಸಿಪಾಯಿ ಆಗಲಾರೆ ಎಂದ. ತಲೆ ಕಡಿದರು. 356ರಲ್ಲಿ ವರ್ಮ್ಸ್ ಊರಿನ ಹತ್ತಿರ ಮಾರ್ಟಿನ್ ಎಂಬ ಸೈನಿಕ, ಮುಂದೆ ತೂರ್ ಪಟ್ಟಣದ ಬಿಷಪ್ ಆದವನು, ಯುದ್ಧದ ಹಿಂದಿನ ದಿನ ನಾನಿನ್ನು ಹೋರಾಡಲಾರೆ ಎಂದ. ಹೇಡಿ ಎಂದು ಹಂಗಿಸಿದಾಗ, ನಾಳೆ ಆಯುಧವಿಲ್ಲದೆ ಎಲ್ಲರಿಗಿಂತ ಮುಂದೆ ನಿಲ್ಲುತ್ತೇನೆ ಎಂದನಂತೆ.

ಮತ್ತೆ ಈ ನಿಲುವು ಬದಲಾಗಿದ್ದು ಯಾವಾಗ?

ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರ ಪರ ನಿಂತ ಮೇಲೆ, 313ರ ನಂತರ, ಕ್ರೈಸ್ತರೇ ನ್ಯಾಯಾಧೀಶರು, ಕ್ರೈಸ್ತರೇ ಸೇನಾಪತಿಗಳು. ಗಡಿ ಕಾಯುವವರು ಯಾರು ಅನ್ನುವ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ. ಅಧಿಕಾರ ಸಿಕ್ಕ ಕೂಡಲೇ ಸಭೆ ಕೆಟ್ಟಿತು ಎಂದು ಶಾಂತಿ ಸಭೆಯವರು ಹೇಳುತ್ತಾರೆ. ಹೊಣೆ ಬಂದ ಮೇಲೆ ಹೊಸದಾಗಿ ಯೋಚಿಸಿತು ಎಂದು ಉಳಿದವರು ಹೇಳುತ್ತಾರೆ.

ಇಲ್ಲಿ ಮಿಲಾನಿನ ಬಿಷಪ್ ಅಂಬ್ರೋಸ್ ಹೇಳಿದ್ದು ನನಗೆ ಬಹಳ ಮುಖ್ಯ. ದರೋಡೆಕೋರ ಆಯುಧ ಹಿಡಿದು ಬಂದರೂ ಕ್ರೈಸ್ತನು ತನ್ನ ಜೀವ ಉಳಿಸಿಕೊಳ್ಳಲು ತಿರುಗಿ ಹೊಡೆಯಬಾರದು ಎಂದು ಅವನು ಬರೆದ. ಅದೇ ಗ್ರಂಥದಲ್ಲಿ, ಸಂಗಡಿಗನ ಮೇಲೆ ಬೀಳುವ ಏಟನ್ನು ತಡೆಯಲು ಸಾಧ್ಯವಿದ್ದೂ ತಡೆಯದವನು ಹೊಡೆದವನಷ್ಟೇ ತಪ್ಪಿತಸ್ಥ ಎಂದೂ ಬರೆದ. ನನಗಾಗಿ ಹೊಡೆಯಬೇಡ, ಇನ್ನೊಬ್ಬರಿಗೆ ಬೀಳುವ ಏಟನ್ನು ನೋಡುತ್ತಾ ನಿಲ್ಲಬೇಡ. ಅವನ ಶಿಷ್ಯನಂತಿದ್ದ ಅಗಸ್ಟಿನ್ ಕೂಡ 398ರಲ್ಲಿ ಪಬ್ಲಿಕೋಲ ಎಂಬವನಿಗೆ ಬರೆದ ಪತ್ರದಲ್ಲಿ, ತಾನು ಸಾಯಬಾರದೆಂದು ಇನ್ನೊಬ್ಬನನ್ನು ಕೊಲ್ಲುವುದು ನನಗೆ ಒಪ್ಪಿಗೆ ಇಲ್ಲ, ಸೈನಿಕನೋ ಅಧಿಕಾರಿಯೋ ಆಗಿ ಬೇರೆಯವರಿಗಾಗಿ ಮಾಡಿದರೆ ಆ ಮಾತು ಬೇರೆ ಎಂದ.

ಸಾಮಾನ್ಯ ಮನುಷ್ಯನೂ ತನ್ನನ್ನು ರಕ್ಷಿಸಿಕೊಳ್ಳಬಹುದು ಎಂದು ಬಿಡಿಸಿ ಹೇಳಿದವನು 13ನೇ ಶತಮಾನದ ಕಥೋಲಿಕ ಪಂಡಿತ ಥಾಮಸ್ ಅಕ್ವಿನಾಸ್. ಒಂದು ಕೆಲಸಕ್ಕೆ ಎರಡು ಫಲ ಇರಬಹುದು: ನನ್ನ ಜೀವ ಉಳಿಯುವುದು, ಹೊಡೆಯಲು ಬಂದವನು ಸಾಯುವುದು. ಮನಸ್ಸು ಮೊದಲನೆಯದರ ಮೇಲಿದ್ದು, ಬಳಸಿದ ಬಲ ಬೇಕಾದಷ್ಟೇ ಇದ್ದರೆ ಅದು ನ್ಯಾಯ. ಬೇಕಾದದ್ದಕ್ಕಿಂತ ಜಾಸ್ತಿಯಾದರೆ ಅನ್ಯಾಯ.

ಈಗ ಕಥೋಲಿಕ, ಪ್ರೊಟೆಸ್ಟಂಟ್ ಸಭೆಗಳ ಅಧಿಕೃತ ಮಾತು ಏನು?

ಕಥೋಲಿಕ ಧರ್ಮೋಪದೇಶ ಗ್ರಂಥದ 2263ರಿಂದ 2265ನೇ ಪರಿಚ್ಛೇದಗಳು ಅಕ್ವಿನಾಸನ ದಾರಿಯಲ್ಲೇ ಇವೆ. ಬೇರೆಯವರ ಜೀವದ ಹೊಣೆ ಹೊತ್ತವರಿಗೆ ರಕ್ಷಣೆ ಬರೀ ಹಕ್ಕಲ್ಲ, ಗಂಭೀರ ಕರ್ತವ್ಯ ಎನ್ನುತ್ತದೆ 2265. ಪ್ರೆಸ್ಬಿಟೇರಿಯನ್ನರು ಬಳಸುವ ವೆಸ್ಟ್‌ಮಿನ್‌ಸ್ಟರ್ ಪ್ರಶ್ನೋತ್ತರವೂ ಆರನೇ ಆಜ್ಞೆಯನ್ನು, ಅಂದರೆ "ನರಹತ್ಯ ಮಾಡಬಾರದು" ಎನ್ನುವುದನ್ನು, ವಿವರಿಸುವಾಗ ಅಗತ್ಯವಾದ ರಕ್ಷಣೆಯನ್ನು ಪಾಪದ ಪಟ್ಟಿಯಿಂದ ಹೊರಗಿಡುತ್ತದೆ. ಆದರೆ ಅದೇ ಪಟ್ಟಿಯಲ್ಲಿ ದ್ವೇಷ, ಸೇಡಿನ ಆಸೆ, ಕೆಣಕುವ ಮಾತು ಇವೆಲ್ಲ ಕೊಲೆಯ ಬಳಗಕ್ಕೇ ಸೇರಿವೆ. ನಮ್ಮಲ್ಲಿ ಮೊದಲನೆಯದನ್ನು ಓದಿ ಎರಡನೆಯದನ್ನು ಬಿಡುವವರೇ ಜಾಸ್ತಿ.

ಶಾಂತಿ ಸಭೆಯವರು ನಿಜವಾಗಲೂ ಹಾಗೆ ಬದುಕಿದ್ದಾರಾ?

ಬದುಕಿದ್ದಾರೆ. ಒಂದು ಕಥೆ ಪೂರ್ತಿ ಹೇಳುತ್ತೇನೆ.

1569, ನೆದರ್ಲೆಂಡ್ಸಿನ ಆಸ್ಪೆರೆನ್ ಊರು. ಡಿರ್ಕ್ ವಿಲೆಮ್ಸ್ ಎಂಬವನು ದೊಡ್ಡವನಾದ ಮೇಲೆ ಮತ್ತೆ ದೀಕ್ಷಾಸ್ನಾನ ಮಾಡಿಸಿಕೊಂಡ, ಮನೆಯಲ್ಲಿ ಕೂಟ ನಡೆಸಿದ ಎಂದು ಸೆರೆಯಲ್ಲಿಟ್ಟಿದ್ದರು. ಬಟ್ಟೆಗಳನ್ನು ಗಂಟು ಹಾಕಿ ಹಗ್ಗ ಮಾಡಿ ಕಿಟಕಿಯಿಂದ ಇಳಿದು ಓಡಿದ. ಕಾವಲುಗಾರ ಬೆನ್ನಟ್ಟಿದ. ದಾರಿಯಲ್ಲಿ ನೀರು ಹೆಪ್ಪುಗಟ್ಟಿತ್ತು. ಸೆರೆಮನೆಯ ಊಟ ತಿಂದು ಸೊರಗಿದ್ದ ಡಿರ್ಕ್ ತೆಳುವಾದ ಮಂಜುಗಡ್ಡೆಯ ಮೇಲೆ ದಾಟಿಬಿಟ್ಟ. ಹಿಂದೆ ಬಂದವನ ಭಾರಕ್ಕೆ ಗಡ್ಡೆ ಒಡೆಯಿತು. ಅವನು ನೀರಿಗೆ ಬಿದ್ದು ಕೂಗಿಕೊಂಡ. ಡಿರ್ಕ್ ತಿರುಗಿ ಬಂದ. ಕೈಕೊಟ್ಟು ಎಳೆದು ಉಳಿಸಿದ. ಕಾವಲುಗಾರನಿಗೆ ಅವನನ್ನು ಬಿಟ್ಟುಬಿಡುವ ಮನಸ್ಸಿತ್ತು. ದಡದ ಮೇಲಿದ್ದ ಊರಿನ ಅಧಿಕಾರಿ, ನಿನ್ನ ಪ್ರಮಾಣ ನೆನಪಿರಲಿ ಎಂದು ಗದರಿಸಿದ. ಹಿಡಿದರು. ಮೇ 16ರಂದು ಜೀವಂತ ಸುಟ್ಟರು. ಗಾಳಿ ಜೋರಾಗಿ ಬೀಸಿ ಬೆಂಕಿ ಮೇಲಕ್ಕೆ ಏರದೆ ಅವನು ಬಹಳ ಹೊತ್ತು ನರಳಿದ.

ಈ ಕಥೆ ಹೇಳಿದಾಗ ನಮ್ಮ ಹುಡುಗನೊಬ್ಬ, "ಏನು ಪ್ರಯೋಜನ ಆಯ್ತು ಅಣ್ಣಾ?" ಎಂದ. ಪ್ರಯೋಜನ ನೋಡಿ ಅವನು ತಿರುಗಲಿಲ್ಲ ಎಂದಷ್ಟೇ ಹೇಳಲು ನನಗೆ ಆಯಿತು.

ಡಿರ್ಕ್‌ನ ಹಾಗೆ ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತಿದ್ದ ಈ ಪಂಗಡಕ್ಕೆ ಅನಾಬ್ಯಾಪ್ಟಿಸ್ಟರು ಎಂದು ಹೆಸರು. ಇವರ ಅಹಿಂಸೆ ಸುಲಭವಾಗಿ ಬಂದದ್ದಲ್ಲ. 1527ರಲ್ಲಿ ಶ್ಲೈಟ್‌ಹೈಮಿನಲ್ಲಿ ಕತ್ತಿ ಬೇಡ ಎಂದು ಬರೆದುಕೊಂಡರು. ಆದರೆ 1534ರಲ್ಲಿ ಇದೇ ಪಂಗಡದ ಕೆಲವರು ಮ್ಯೂನ್‌ಸ್ಟರ್ ನಗರವನ್ನು ವಶ ಮಾಡಿಕೊಂಡು ಕತ್ತಿಯ ಆಳ್ವಿಕೆ ನಡೆಸಿದರು. 1535ರಲ್ಲಿ ಅದು ರಕ್ತದಲ್ಲಿ ಮುಗಿಯಿತು. ಅದನ್ನು ಕಂಡು ನೊಂದ ಪಾದ್ರಿ ಮೆನ್ನೊ ಸೈಮನ್ಸ್, ಚದುರಿದವರನ್ನು ಶಾಂತಿಯ ದಾರಿಯಲ್ಲಿ ಮತ್ತೆ ಸೇರಿಸಿದ. ಮೆನ್ನೊನೈಟ್ ಅನ್ನುವ ಹೆಸರು ಬಂದದ್ದು ಅವನಿಂದ.

2006ರ ಅಕ್ಟೋಬರ್ 2ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಮಿಶರ ಚಿಕ್ಕ ಶಾಲೆಗೆ ಒಬ್ಬ ಬಂದೂಕು ಹಿಡಿದು ನುಗ್ಗಿದ. ಐವರು ಹುಡುಗಿಯರು ಸತ್ತರು. ಅವನೂ ಗುಂಡು ಹಾರಿಸಿಕೊಂಡು ಸತ್ತ. ಆಮಿಶರು ಅವನ ಹೆಂಡತಿಯನ್ನು ಮಾತಾಡಿಸಲು ಹೋದರು, ಅವನ ಮಣ್ಣಿಗೂ ಹೋದರು. ಆ ನೋವಿನಲ್ಲಿ ನನಗೆ ಇದು ಆಗುತ್ತಿತ್ತಾ? ಧೈರ್ಯವಾಗಿ ಹೌದು ಎನ್ನಲಾರೆ.

ಅಹಿಂಸೆ ಅಂದರೆ ಒಂಥರಾ ಹೇಡಿತನ ಅಲ್ವಾ?

1956ರ ಜನವರಿ 30ರ ರಾತ್ರಿ ಅಮೆರಿಕದ ಮಾಂಟ್ಗೊಮರಿಯಲ್ಲಿ, ಕಪ್ಪು ಜನರ ಹಕ್ಕಿಗಾಗಿ ಅಹಿಂಸೆಯ ಹೋರಾಟ ನಡೆಸಿದ ಪಾಸ್ಟರ್ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆ ಮೇಲೆ ಬಾಂಬ್ ಎಸೆದರು. ಒಳಗೆ ಹೆಂಡತಿ, ಹಸುಗೂಸು ಮಗಳು. ಹೊರಗೆ ಸಿಟ್ಟಿಗೆದ್ದ ಜನ, ಕೆಲವರ ಕೈಯಲ್ಲಿ ಆಯುಧ. ಆಯುಧಗಳನ್ನು ವಾಪಸ್ ಮನೆಗೆ ತಗೊಂಡು ಹೋಗಿ ಎಂದು ಕಿಂಗ್ ಆ ಜನರನ್ನು ಸಮಾಧಾನ ಮಾಡಿ ಕಳಿಸಿದರು. ಇದು ಎಲ್ಲರಿಗೂ ಗೊತ್ತಿರುವ ಭಾಗ. ಆ ದಿನಗಳಲ್ಲಿ ಅವರ ಮನೆಯಲ್ಲೂ ಬಂದೂಕು ಇತ್ತು. ಪಿಸ್ತೂಲು ಇಟ್ಟುಕೊಳ್ಳಲು ಪರವಾನಗಿಗೆ ಅರ್ಜಿ ಹಾಕಿದ್ದರು, ಕೊಡಲಿಲ್ಲ. ಆಮೇಲೆ ಅವರೇ ಯೋಚಿಸಿ ಬಂದೂಕು ಬಿಟ್ಟರು. ಅಂದರೆ ಅಹಿಂಸೆ ಅವರಿಗೂ ಒಂದೇ ದಿನದಲ್ಲಿ ಬಂದದ್ದಲ್ಲ. ಅಷ್ಟಾದರೂ ಮನೆ ಕಾಯಲು ಬಲ ಬಳಸುವವರನ್ನು ಅವರು ಖಂಡಿಸಲಿಲ್ಲ. ಮೆರವಣಿಗೆಗೆ ಆಯುಧ ತರಬೇಡಿ ಎಂದರು. 1964ರಲ್ಲಿ ಲೂಸಿಯಾನಾದ ಜೋನ್ಸ್‌ಬರೊದಲ್ಲಿ ಕಪ್ಪು ಜನರು ಕಾವಲು ದಳವೊಂದನ್ನು ಕಟ್ಟಿ, ಅದರ ಹೆಸರಿಗೇ ಸಭೆಯ ಸೇವಕರನ್ನು ಕರೆಯುವ "ಡೀಕನ್" ಪದ ಇಟ್ಟರು. ಆಯುಧ ಹಿಡಿದು ತಮ್ಮ ಕೇರಿಯನ್ನು ಕಾದರು.

ಗಾಂಧೀಜಿ ಕೂಡ 1920ರಲ್ಲಿ, ಹೇಡಿತನ ಮತ್ತು ಹಿಂಸೆ ಎರಡೇ ದಾರಿ ಇದ್ದರೆ ಹಿಂಸೆಯನ್ನೇ ಹೇಳುತ್ತೇನೆ ಎಂದು ಬರೆದರು. ಭಯಕ್ಕೆ ಸುಮ್ಮನಿರುವುದಕ್ಕೆ ಅಹಿಂಸೆ ಎಂದು ಹೆಸರಿಡಬಾರದು.

ಗಂಡ ಹೊಡೆಯುತ್ತಾನೆ. "ಸಹಿಸಿಕೋ, ಅದೇ ನಿನ್ನ ಶಿಲುಬೆ" ಅನ್ನುತ್ತಾರೆ. ಏನು ಮಾಡಲಿ?

ಅಕ್ಕಾ, ತಂಗೀ, ಮೊದಲು ಆ ಮನೆಯಿಂದ ಹೊರಗೆ ಬನ್ನಿ. ಮಿಕ್ಕ ಮಾತು ಆಮೇಲೆ.

ಹಿಂದೊಮ್ಮೆ ಒಬ್ಬ ಸಹೋದರಿ ಮುಖದ ಮೇಲೆ ಬಾಸುಂಡೆ ಇಟ್ಟುಕೊಂಡು ಬಂದಿದ್ದರು. ಹಿರಿಯರೊಬ್ಬರು, "ಪ್ರಾರ್ಥನೆ ಮಾಡಮ್ಮಾ, ಮತ್ತೊಂದು ಕೆನ್ನೆ ತೋರಿಸು ಅಂತ ಕರ್ತನೇ ಹೇಳಿದ್ದಾನಲ್ಲ" ಎಂದು ವಾಪಸ್ ಕಳಿಸಿದರು. ನಾನು ಅಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ಆ ಮೌನ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಈ ಪುಟ ಬರೆಯಲು ಅದೂ ಒಂದು ಕಾರಣ.

ನನ್ನ ಕೆನ್ನೆಯನ್ನು ನಾನು ತಿರುಗಿಸಬಹುದು. ಇನ್ನೊಬ್ಬರ ಕೆನ್ನೆ ಹಿಡಿದು ತಿರುಗಿಸುವ ಅಧಿಕಾರ ನನಗಿಲ್ಲ. ಪಾಸ್ಟರಿಗೂ ಇಲ್ಲ, ಹಿರಿಯರಿಗೂ ಇಲ್ಲ. ಯೇಸು ಸ್ವಾಮಿ ತಾವಾಗಿ ಶಿಲುಬೆ ಹೊತ್ತರು, ಬೇರೆಯವರ ಹೆಗಲ ಮೇಲೆ ಹೇರಲಿಲ್ಲ. ಸುವಾರ್ತೆ ಸಾರುತ್ತಿದ್ದ ಪೌಲನನ್ನು ಕೊಲ್ಲಲು ವೈರಿಗಳು ದಮಸ್ಕದಲ್ಲಿ ಕಾದಿದ್ದಾಗ ಶಿಷ್ಯರು ಅವನನ್ನು ಬುಟ್ಟಿಯಲ್ಲಿ ಕೂಡಿಸಿ ಗೋಡೆಯಿಂದ ಇಳಿಸಿದರು. ಸಹಿಸಿಕೋ ಎಂದು ಬಾಗಿಲು ತೆರೆದುಕೊಡಲಿಲ್ಲ. ಮನೆಯೊಳಗಿನ ಹೊಡೆತಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಏಟು ಬೀಳುವಾಗ ತಡೆಯುವುದು, ದೂಡುವುದು, ಕೂಗುವುದು, ಓಡುವುದು, ಇದ್ಯಾವುದೂ ಪಾಪವಲ್ಲ. ಸಭೆಯವರಿಗೆ ಒಂದು ಮಾತು: ಹೊಡೆದವನ ಪಶ್ಚಾತ್ತಾಪ ನಿಜವೋ ಸುಳ್ಳೋ ಎಂದು ತೂಗಿ ನೋಡುವವರೆಗೆ ಆಕೆಗೂ ಮಕ್ಕಳಿಗೂ ಇರಲು ಜಾಗ ಹುಡುಕಿಕೊಡುವುದು ನಿಮ್ಮ ಕೆಲಸ.

ಕ್ಷಮಿಸಿದ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡಬಹುದಾ?

ಕೊಡಬಹುದು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಅವರನ್ನು, ಮಕ್ಕಳಾದ 10 ವರ್ಷದ ಫಿಲಿಪ್, 6 ವರ್ಷದ ತಿಮೊಥಿಯ ಜೊತೆ, ವಾಹನದಲ್ಲಿ ಮಲಗಿದ್ದಾಗಲೇ ಸುಟ್ಟರು. ಅವರ ಹೆಂಡತಿ ಗ್ಲಾಡಿಸ್ ಸ್ಟೇನ್ಸ್, ಕೊಂದವರನ್ನು ಕ್ಷಮಿಸಿದೆ ಎಂದರು. ಅದರ ಜೊತೆಗೇ, ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಫಲ ಬೇರೆ, ಎರಡನ್ನೂ ಕಲಸಬಾರದು ಎಂದೂ ಹೇಳಿದರು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ ಇದನ್ನೇ ಎರಡು ಅಧ್ಯಾಯಗಳಲ್ಲಿ ಪಕ್ಕಪಕ್ಕ ಇಟ್ಟಿದ್ದಾನೆ. 12ರಲ್ಲಿ ನೀನು ಸೇಡು ತೀರಿಸಬೇಡ, 13ರಲ್ಲಿ ಕೆಟ್ಟದ್ದನ್ನು ತಡೆಯುವುದು ಅಧಿಕಾರಿಯ ಕೆಲಸ.

ಆರಾಧನೆಯ ಹೊತ್ತಿಗೆ ಗುಂಪು ನುಗ್ಗಿದರೆ?

2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದದ್ದನ್ನು ಕರಾವಳಿಯವರು ಮರೆತಿಲ್ಲ. ಹಾಗಾಗಿ ಇದು ನಮಗೆ ಊಹೆಯ ಪ್ರಶ್ನೆಯಲ್ಲ. ಮೊದಲು ಮಕ್ಕಳು, ವಯಸ್ಸಾದವರು ಹಿಂದಿನ ಬಾಗಿಲಿಂದ ಹೊರಗೆ ಹೋಗಬೇಕು. ಹಿಂದಿನ ಬಾಗಿಲಿಗೆ ಬೀಗ ಹಾಕಿಡಬೇಡಿ. ಒಬ್ಬರು 112ಕ್ಕೆ ಫೋನ್ ಮಾಡಬೇಕು. ಕುರ್ಚಿ ಎತ್ತಿಕೊಂಡು ತಿರುಗಿ ನುಗ್ಗುವುದು ಬೇಡ, ಮೈಮೇಲೆ ಬಿದ್ದವರನ್ನು ತಡೆದು ಬಿಡಿಸಿಕೊಂಡರೆ ಸಾಕು.

ಆಮೇಲೆ ಕಾನೂನನ್ನು ಪೂರ್ತಿ ಬಳಸಿ. ಪೌಲನೂ ಬಳಸಿದ. ಚಾವಟಿಯಿಂದ ಹೊಡೆಯಲು ಕಟ್ಟಿದಾಗ, ನಾನು ರೋಮಿನ ಪ್ರಜೆ, ವಿಚಾರಣೆ ಇಲ್ಲದೆ ಹೊಡೆಯಬಹುದಾ ಎಂದು ಕೇಳಿದ. ನಲವತ್ತಕ್ಕಿಂತ ಜಾಸ್ತಿ ಜನ ಅವನನ್ನು ಕೊಲ್ಲುವವರೆಗೆ ಊಟ ಮಾಡುವುದಿಲ್ಲ ಎಂದು ಆಣೆ ಇಟ್ಟಾಗ ಅವನ ಸೋದರಳಿಯ ಓಡಿ ಬಂದು ತಿಳಿಸಿದ, ಪೌಲ ಆ ಹುಡುಗನನ್ನು ಸೇನಾಧಿಕಾರಿಯ ಬಳಿಗೆ ಕಳಿಸಿದ. ಆ ರಾತ್ರಿ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರು ಅವನಿಗೆ ಕಾವಲು ಹೋದರು. ದೇವರು ಕಾಯುತ್ತಾನೆ, ಕಾವಲು ಬೇಡ ಎಂದು ಅವನು ಹೇಳಲಿಲ್ಲ.

ಪೊಲೀಸ್, ಸೈನ್ಯಕ್ಕೆ ಸೇರಬಹುದಾ?

ಬಹುಪಾಲು ಸಭೆಗಳು ಹೌದು ಎನ್ನುತ್ತವೆ. ಸ್ನಾನಿಕನಾದ ಯೋಹಾನನ ಬಳಿ ಸಿಪಾಯಿಗಳು ನಾವೇನು ಮಾಡಬೇಕು ಎಂದು ಕೇಳಿದಾಗ, ಕೆಲಸ ಬಿಡಿ ಎನ್ನಲಿಲ್ಲ. ಹೆದರಿಸಿ ದುಡ್ಡು ಕೀಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ. ಇವತ್ತಿನ ಠಾಣೆಗೂ ಹೊಂದುವ ಮಾತು. ಮಧ್ಯದ ದಾರಿಯೂ ಇದೆ. ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ಡೆಸ್ಮಂಡ್ ಡಾಸ್ ಬಂದೂಕು ಮುಟ್ಟದೆ ವೈದ್ಯಕೀಯ ಸಹಾಯಕನಾಗಿ ಸೈನ್ಯದಲ್ಲಿದ್ದರು. 1945ರಲ್ಲಿ ಓಕಿನಾವಾದ ಕಡಿದಾದ ಬೆಟ್ಟದ ಮೇಲಿನಿಂದ ಸುಮಾರು 75 ಗಾಯಾಳುಗಳನ್ನು ಹಗ್ಗ ಕಟ್ಟಿ ಇಳಿಸಿದರು.

ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳುವುದು, ಕರಾಟೆ ಕಲಿಯುವುದು ನಂಬಿಕೆ ಇಲ್ಲದ ಲಕ್ಷಣವಾ?

ಅಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳ ಬ್ಯಾಗಿನಲ್ಲಿ ಇರಲಿ. ನೆಹೆಮೀಯನ ಕಾಲದಲ್ಲಿ ಜೆರುಸಲೇಮಿನ ಗೋಡೆ ಕಟ್ಟುವವರು ಪ್ರಾರ್ಥನೆಯನ್ನೂ ಮಾಡಿದರು, ಕಾವಲನ್ನೂ ಇಟ್ಟರು.

ಶಾಲೆಯಲ್ಲಿ ಮಗನಿಗೆ ಹೊಡೆಯುತ್ತಾರೆ. ತಿರುಗಿ ಹೊಡಿ ಅನ್ನಲಾ, ಸುಮ್ನಿರು ಅನ್ನಲಾ?

ಎರಡೂ ಬೇಡ. "ಹೊಡೀಬೇಡ" ಎಂದು ಗಟ್ಟಿಯಾಗಿ ಕೂಗುವುದನ್ನು ಕಲಿಸಿ. ಕೈ ಅಡ್ಡ ಹಿಡಿದು ಏಟು ತಪ್ಪಿಸಿಕೊಳ್ಳುವುದನ್ನು, ಟೀಚರ್ ಇರುವ ಕಡೆ ಓಡುವುದನ್ನು ಕಲಿಸಿ. ಸಂಜೆ ಮನೆಗೆ ಬಂದು ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ. ಮರುದಿನ ಶಾಲೆಗೆ ನೀವೇ ಹೋಗಿ. ಇನ್ನೊಂದು ಮಗುವಿಗೆ ಹೊಡೆಯುವಾಗ ನಿಮ್ಮ ಮಗ ನಡುವೆ ಹೋಗಿ ನಿಂತ ಎಂದು ಗೊತ್ತಾದರೆ ಬೈಯಬೇಡಿ. ಅಂಗಿ ಹರಿದಿದ್ದರೂ ಬೈಯಬೇಡಿ.

ಜೀವ ಉಳಿಸಿಕೊಳ್ಳಲು ಹೋಗಿ ನನ್ನ ಕೈಯಿಂದ ಒಬ್ಬ ಸತ್ತ. ಕೋರ್ಟು ಬಿಟ್ಟಿತು. ನನಗೆ ಮಾತ್ರ ಪ್ರಾರ್ಥನೆ ಬರುತ್ತಿಲ್ಲ.

ಇದನ್ನು ಒಬ್ಬರೇ ಕೇಳಿದ್ದು. ಆದರೂ ಇಲ್ಲಿ ಇರಲಿ ಎಂದು ಅವರೇ ಹೇಳಿದರು.

ಕೋರ್ಟು ಬಿಟ್ಟರೂ ಮನಸ್ಸು ಭಾರವಾಗಿರುವುದು ನಿಮ್ಮ ತಪ್ಪಲ್ಲ. 4ನೇ ಶತಮಾನದಲ್ಲಿ ಸಿಸೇರಿಯಾದ ಬಿಷಪ್ ಬೇಸಿಲ್ ಇಂಥವರ ಬಗ್ಗೆ ಯೋಚಿಸಿದ್ದ. ಯುದ್ಧದಲ್ಲಿ ಕೊಂದವರನ್ನು ನಮ್ಮ ಹಿರಿಯರು ಕೊಲೆಗಾರರ ಸಾಲಿಗೆ ಸೇರಿಸಲಿಲ್ಲ. ಆದರೂ ಅವರ ಕೈ ಶುದ್ಧವಲ್ಲದ ಕಾರಣ ಮೂರು ವರ್ಷ ಪ್ರಭುಭೋಜನದಿಂದ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಮೇಜಿನಿಂದ) ಮಾತ್ರ ದೂರ ಇದ್ದರೆ ಒಳ್ಳೆಯದು ಎಂದು ಬರೆದ. ಮೊದಲ ಸಲ ಓದಿದಾಗ ಇದು ಕಠೋರ ಅನಿಸಿತ್ತು. ಈಗ ಬೇರೆ ಥರ ಕಾಣುತ್ತದೆ. ನೀನು ಕೊಲೆಗಾರ ಅಲ್ಲ ಎಂದು ಅವನು ಹೇಳಿದ. ಏನೂ ಆಗಿಲ್ಲ ಎಂದೂ ಹೇಳಲಿಲ್ಲ. ದುಃಖಕ್ಕೆ ಸಮಯ ಕೊಟ್ಟ, ಆಮೇಲೆ ಮೇಜಿಗೆ ವಾಪಸ್ ಬರಲು ದಾರಿ ಇಟ್ಟ.

ನಿಮಗೆ ಪ್ರಾರ್ಥನೆ ಬಾರದಿದ್ದರೆ ಸತ್ತವನ ಹೆಸರು ಹೇಳಿ ಸುಮ್ನೆ ಕೂತುಕೊಳ್ಳಿ. ಅದೂ ಆಗದಿದ್ದರೆ ನಂಬಿಕೆಯ ಪಾಸ್ಟರೋ ಫಾದರೋ ಒಬ್ಬರಿಗೆ ಎಲ್ಲವನ್ನೂ ಹೇಳಿ. ನಿದ್ದೆ ಬರುತ್ತಿಲ್ಲ, ಅದೇ ದೃಶ್ಯ ಕಣ್ಣ ಮುಂದೆ ಬರುತ್ತದೆ ಎಂದಾದರೆ ಡಾಕ್ಟರನ್ನೂ ನೋಡಿ. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತರೆ ಸಾಕು, ಹಾಡು ನಾವು ಹಾಡುತ್ತೇವೆ.